ಗೊಂಬೆಯ ಕೈಗೆ ಬಂದ ಕೋವಿ

ಕಲೆಯೆಂದರೆ ಬಣ್ಣ, ಕುಂಚ, ಕ್ಯಾನ್ವಾಸು ಎಂದಷ್ಟೇ ತಿಳಿದವರಿಗೆ ಬೆಟಿ ಸಾರ್ ಅವರ ಕೃತಿಗಳು ಮೊದಲ ನೋಟಕ್ಕೆ ಗುಜರಿ ಅಂಗಡಿಯ ಸಾಮಾನಿನಂತೆ ಕಂಡಾವು. ಹಳೆಯ ಕಿಟಕಿಯ ಚೌಕಟ್ಟು, ಬಟ್ಟೆ ಒಗೆಯುವ ಹಲಗೆ, ಯಾರದೋ ಭಾವಚಿತ್ರ, ಜಾಹೀರಾತಿನ ಗೊಂಬೆ ಇವೇ ಅವರ ಸಾಮಗ್ರಿ. ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯರಲ್ಲಿ ಕೆಲವರಾದರೂ ಈ ಹೆಸರನ್ನು ಕೇಳಿರಬಹುದು, ಕೇಳದವರಿಗಾಗಿ ಬರೆಯುತ್ತಿದ್ದೇನೆ.

ಈ ಕಪ್ಪು ಕಲಾವಿದೆ ಜನಿಸಿದ್ದು 1926ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅಜ್ಜಿಯ ಮನೆ ವಾಟ್ಸ್ ಬಡಾವಣೆಯಲ್ಲಿತ್ತು. ಅಲ್ಲಿ ಸೈಮನ್ ರೋಡಿಯಾ ಎಂಬ ಇಟಲಿಯ ಕಾರ್ಮಿಕನೊಬ್ಬ ಕಬ್ಬಿಣಕ್ಕೆ ಸಿಮೆಂಟು ಮೆತ್ತಿ, ಒಡೆದ ಪಿಂಗಾಣಿ, ಬಾಟಲಿ ಚೂರು, ಕಪ್ಪೆಚಿಪ್ಪುಗಳನ್ನು ಒತ್ತಿ ಏಕಾಂಗಿಯಾಗಿ ಗೋಪುರಗಳನ್ನು ಕಟ್ಟುತ್ತಿದ್ದ. 1921ರಿಂದ 1954ರವರೆಗೆ ನಡೆದ ಆ ಕೆಲಸವನ್ನು ಬಾಲಕಿ ಕಣ್ಣಾರೆ ಕಂಡಳು. ಮುಂದೆ 1967ರಲ್ಲಿ ಪಾಸಡೀನಾದಲ್ಲಿ ಜೋಸೆಫ್ ಕಾರ್ನೆಲ್ಲರ ಪೆಟ್ಟಿಗೆಗಳ ಪ್ರದರ್ಶನವನ್ನು ನೋಡಿದ ಮೇಲೆ ಅವರಿಗೆ ತಮ್ಮ ದಾರಿ ಸ್ಪಷ್ಟವಾಯಿತು.

ಆದರೆ ಕಾರ್ನೆಲ್ಲರ ಪೆಟ್ಟಿಗೆಯೊಳಗಿದ್ದುದು ಕನಸು. ಸಾರ್ ತಮ್ಮ ಪೆಟ್ಟಿಗೆಯೊಳಗೆ ಇಟ್ಟದ್ದು ಸಿಟ್ಟು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯಾದ ಬಳಿಕ ಅವರು ಕಪ್ಪು ಜನರನ್ನು ಹೀಯಾಳಿಸುವ ಹಳೆಯ ಚಿತ್ರಗಳನ್ನೂ ಗೊಂಬೆಗಳನ್ನೂ ಬಳಸತೊಡಗಿದರು. ಅವುಗಳಲ್ಲಿ ಅತ್ಯಂತ ಪರಿಚಿತವಾದುದು ಆಂಟ್ ಜೆಮೈಮಾ. ಪ್ಯಾನ್‌ಕೇಕ್ ಎಂಬುದು ನಮ್ಮ ಸಿಹಿದೋಸೆಯ ದೂರದ ನೆಂಟ. ಅದರ ಹಿಟ್ಟಿನ ಪೊಟ್ಟಣಕ್ಕೆ 1889ರಲ್ಲಿ ಆ ಹೆಸರಿಟ್ಟರು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಹಾಸ್ಯ ಪ್ರದರ್ಶನದ ಹಾಡೊಂದರಿಂದ ಎತ್ತಿದ ಹೆಸರದು. ತಲೆಗೆ ವಸ್ತ್ರ, ತುಂಬು ದೇಹ, ಮಾಸದ ನಗೆ. ದಾಸ್ಯವೂ ಒಂದು ಸುಖವೇ ಎಂದು ಪ್ರತಿ ಮುಂಜಾನೆ ತಟ್ಟೆಯ ಪಕ್ಕದಲ್ಲಿ ನಿಂತು ಹೇಳುವ ಚಿತ್ರ! ನಾಲ್ಕು ಪುಟದ ಪಾಠಕ್ಕಿಂತ ಒಂದು ಚಿತ್ರ ಮಗುವಿನ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆಂಬುದು ತರಗತಿಯಲ್ಲಿ ನಿಂತವರೆಲ್ಲರೂ ಬಲ್ಲ ಸಂಗತಿ.

1972ರಲ್ಲಿ ಸಾರ್ ರಚಿಸಿದ 'ಆಂಟ್ ಜೆಮೈಮಾಳ ವಿಮೋಚನೆ' ಒಂದಡಿ ಎತ್ತರವೂ ಇಲ್ಲದ ಪೆಟ್ಟಿಗೆ. ಹಿಂಬದಿಯ ಗೋಡೆಗೆಲ್ಲ ಪೊಟ್ಟಣದ ಅದೇ ಮುಖ, ಸಾಲುಸಾಲಾಗಿ. ಕೆಳಗೆ ಹತ್ತಿ, ಯಾರ ಬೆವರಿನ ಹತ್ತಿಯೆಂದು ವಿವರಿಸಬೇಕಿಲ್ಲ. ನಡುವೆ, ಅಡುಗೆಮನೆಯಲ್ಲಿ ಟಿಪ್ಪಣಿ ಪುಸ್ತಕ ಸಿಕ್ಕಿಸಿಡಲು ಮಾಡಿದ್ದ ಗೊಂಬೆ. ಅದರ ಒಂದು ಕೈಯಲ್ಲಿ ಪೊರಕೆ ಹಾಗೆಯೇ ಇದೆ. ಇನ್ನೊಂದು ಕೈಗೆ ಕೋವಿ ಬಂದಿದೆ. ಪುಸ್ತಕವಿರಬೇಕಾದ ಜಾಗದಲ್ಲಿ ಅಳುವ ಮಿಶ್ರವರ್ಣದ ಮಗುವನ್ನೆತ್ತಿಕೊಂಡ ದಾಸಿಯ ಚಿತ್ರ, ಅದರ ಮುಂದೆ ಬಿಗಿದ ಕಪ್ಪು ಮುಷ್ಟಿ. ಆ ಮಗುವಿನ ಬಣ್ಣದಲ್ಲಿಯೇ ಯಜಮಾನರ ಕಥೆಯಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋವಿಯಲ್ಲ, ಗೊಂಬೆಯ ನಗೆ. ಸಾರ್ ಅದನ್ನು ಅಳಿಸಲಿಲ್ಲ, ಗೊಂಬೆಯನ್ನು ಒಡೆಯಲೂ ಇಲ್ಲ. ಅವಮಾನಿಸಲೆಂದು ಮಾಡಿದ ವಸ್ತುವನ್ನು ಸುಟ್ಟುಹಾಕುವುದು ಸುಲಭ. ಅದರ ಕೈಯಿಂದಲೇ ಉತ್ತರ ಕೊಡಿಸುವುದಕ್ಕೆ ಬೇರೆಯೇ ಎದೆಗಾರಿಕೆ ಬೇಕು. ಕಪ್ಪು ಮಹಿಳೆಯರ ಚಳವಳಿ ಆರಂಭವಾದದ್ದೇ ಈ ಕೃತಿಯಿಂದ ಎಂದು ಏಂಜೆಲಾ ಡೇವಿಸ್ 2007ರಲ್ಲಿ ಹೇಳಿದರು. ಚಳವಳಿಗಳು ಒಂದೇ ಪೆಟ್ಟಿಗೆಯಿಂದ ಹುಟ್ಟುತ್ತವೆಯೇ ಎಂಬ ಸಂದೇಹ ನನಗಿದೆ. ಆದರೂ ಆ ಮಾತನ್ನು ತಳ್ಳಿಹಾಕಲು ಮನಸ್ಸು ಬಾರದು.

2020ರ ಜೂನ್‌ನಲ್ಲಿ ಕಂಪನಿಯು ಆ ಹೆಸರನ್ನೂ ಮುಖವನ್ನೂ ಕೈಬಿಡುವುದಾಗಿ ಘೋಷಿಸಿತು. ಮರುವರ್ಷ ಪೊಟ್ಟಣಕ್ಕೆ ಹೊಸ ಹೆಸರು ಬಂತು. 1893ರ ಷಿಕಾಗೋ ಮಹಾಮೇಳದಲ್ಲಿ ಆಂಟ್ ಜೆಮೈಮಾಳಾಗಿ ನಿಂತು ಪ್ಯಾನ್‌ಕೇಕ್ ಬೇಯಿಸಿದಾಕೆ ನ್ಯಾನ್ಸಿ ಗ್ರೀನ್, ದಾಸ್ಯದಲ್ಲಿಯೇ ಹುಟ್ಟಿದವಳು. 1923ರಲ್ಲಿ ತೀರಿಕೊಂಡ ಆಕೆಯ ಸಮಾಧಿಗೆ ಹೆಸರು ಬರೆದ ಕಲ್ಲು ಬಂದದ್ದೂ 2020ರಲ್ಲಿಯೇ.