ಬೇಜಾರಾದರೆ ಏನು ಮಾಡ್ತೀರಿ?

ದೊಡ್ಡ ಹಚ್ಚೆ ಕಂಡ ಕೂಡಲೇ ‘ಮುಂದೆ ಬೇಜಾರಾದರೆ?’ ಅಂತ ಕೇಳೋದು ನಮ್ಮಲ್ಲಿ ಮಾಮೂಲು. ಅಳಿಸಲಾಗದ್ದೇ ಅದರ ತೂಕ ಅಲ್ವಾ ಅಂತ ಇವತ್ತು ಅನ್ನಿಸ್ತು. ಛತ್ತೀಸಗಢದ ರಾಮನಾಮಿಗಳನ್ನೇ ನೋಡಿ. ಜಾತಿಯ ಕಾರಣಕ್ಕೆ ಗುಡಿಯೊಳಗೆ ಬಿಡದಿದ್ದಾಗ, 19ನೇ ಶತಮಾನದ ಕೊನೆಯಲ್ಲಿ ಪರಶುರಾಮ್ ಎಂಬವರ ಹಾದಿ ಹಿಡಿದ ಈ ದಲಿತರು ರಾಮನ ಹೆಸರನ್ನು ಚರ್ಮದ ಮೇಲೇ ಬರೆಸಿಕೊಂಡರು. ಕೆಲವರು ಹಣೆಗಷ್ಟೇ, ಕೆಲವರು ಮುಖವೂ ಸೇರಿ ಇಡೀ ಮೈಗೆ. ಅವರ ರಾಮನಿಗೆ ಗುಡಿಯೂ ಬೇಡ, ಮೂರ್ತಿಯೂ ಬೇಡ, ಆತ ನಿರ್ಗುಣ. ಅದೇ ಹೆಸರು ಬರೆದ ಬಟ್ಟೆಯನ್ನೂ ಅವರು ಹೊದೆಯುತ್ತಾರೆ. ಆದರೆ ಬಟ್ಟೆಯನ್ನು ಯಾರಾದರೂ ಕಿತ್ತುಕೊಳ್ಳಬಹುದು, ಹೆದರಿದರೆ ನಾವೇ ತೆಗೆದಿಡಬಹುದು. ಹಣೆಯ ಮೇಲಿನ ಅಕ್ಷರಕ್ಕೆ ಆ ಸೌಲಭ್ಯ ಇಲ್ಲ.

ಹಾಗಾದರೆ ಇವತ್ತಿನ ರಾಮನಾಮಿ ಹುಡುಗರು ಯಾಕೆ ಹಾಕಿಸಿಕೊಳ್ತಿಲ್ಲ ಅಂತ ಕೇಳಬಹುದು. ನಿಜ, ಮೈತುಂಬ ಹಚ್ಚೆ ಇರುವವರು ಈಗ ಬಹುತೇಕ ವೃದ್ಧರೇ. ಕೆಲಸಕ್ಕೆ ಊರು ಬಿಡುವವರಿಗೆ ಮುಖದ ಮೇಲಿನ ಹಚ್ಚೆ ಅಡ್ಡಿಯಾಗುತ್ತದೆ. ನನಗೆ ಇದು ವಾದಕ್ಕೆ ವಿರುದ್ಧ ಅನ್ನಿಸಲ್ಲ. ಹಿರಿಯರು ತೆತ್ತ ಬೆಲೆ ಎಷ್ಟಿತ್ತು ಅನ್ನೋದಕ್ಕೆ ಇದೇ ಪುರಾವೆ. ಅಳಿಸೋಕೆ ಲೇಸರ್ ಇದೆಯಲ್ಲ ಅಂದರೆ, ಮೈಯೇ ಅದಕ್ಕೆ ಸುಲಭವಾಗಿ ಒಪ್ಪಲ್ಲ. ಶಾಯಿ ನುಂಗಿದ ಕೋಶ ಸತ್ತರೆ ಹೊಸ ಕೋಶ ಆ ಶಾಯಿಯನ್ನು ನುಂಗಿಕೊಳ್ಳುತ್ತದೆ ಅಂತ 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದಾರೆ. (ಎಂಥ ಹಟಮಾರಿ ಚರ್ಮ!) ಇನ್ನು, ಫ್ಯಾಷನ್ನಿಗೆ ಬೆನ್ನುತುಂಬ ಹಾಕಿಸಿಕೊಂಡವರನ್ನೂ ಇದೇ ಸಾಲಿಗೆ ಸೇರಿಸಬಹುದಾ? ನನಗೆ ಅನುಮಾನ. ನೀವೇನಂತೀರಿ?