ಟಾಮಿಯ ಪಥ್ಯ

ನಾಯಿಗೂ ಪಥ್ಯವೇ ಎಂದು ವಾಚಕರು ನಗಬಹುದು. ನಮ್ಮ ಬೀದಿಯವರೂ ನಕ್ಕರು. ಆದರೆ ಕಳೆದ ಐದು ತಿಂಗಳಿಂದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಊಟ ಮಾಡುತ್ತಿರುವುದು ಟಾಮಿಯೇ. ಚಿನ್ನದ ಗಣಿಯ ಇಂಗ್ಲಿಷ್ ಸಾಹೇಬರು ಹೋಗಿ ಎಷ್ಟೋ ಕಾಲವಾದರೂ ಅವರ ನಾಯಿಗಳ ಹೆಸರುಗಳು ಮಾತ್ರ ಮಾರಿಕುಪ್ಪಂನ ಲೈನುಮನೆಗಳಲ್ಲಿ ಉಳಿದುಕೊಂಡಿವೆ. ನಮ್ಮ ಟಾಮಿ ಜಾತಿನಾಯಿಯೇನೂ ಅಲ್ಲ. 11 ವರ್ಷಗಳ ಹಿಂದೆ ಮಳೆಯಲ್ಲಿ ನೆನೆದು ನಮ್ಮ ಜಗುಲಿ ಹತ್ತಿದ ಬೀದಿಯ ಮರಿ.

ನಮ್ಮಲ್ಲಿ ನೀರೆಂದರೆ ಬಿಂದಿಗೆಯ ಲೆಕ್ಕ. ಅಂಥ ಮನೆಯಲ್ಲಿ ಟಾಮಿ ಬೋಗುಣಿಗಟ್ಟಲೆ ನೀರು ಬರಿದು ಮಾಡತೊಡಗಿದಾಗ ಅಮ್ಮನಿಗೇ ಮೊದಲು ಗೊತ್ತಾಯಿತು. ನೆರೆಯವರು ಬಿಸಿಲಿನ ದಾಹವೆಂದರು. ಆಮೇಲೆ ಅದು ಊಟ ಬಿಟ್ಟಿತು. ಬಾಯಿಂದ ಒಂದು ಬಗೆಯ ಘಾಟು ವಾಸನೆ ಬರತೊಡಗಿತು. ಆಟೋದಲ್ಲಿ ಬಂಗಾರಪೇಟೆಗೆ ಕರೆದೊಯ್ದು ಪಶುವೈದ್ಯರಿಗೆ ತೋರಿಸಿದೆವು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 100 ಮಿಲಿಗೆ 4.6 ಮಿಲಿಗ್ರಾಂ ಬಂದಿತು, ಸುಮಾರು 1.4ರ ಒಳಗಿರಬೇಕಂತೆ. ಮೂತ್ರಪಿಂಡಗಳ ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆಯೇ ಈ ಅಂಕಿ ಏರುವುದಂತೆ. “ಇದು ವಾಸಿಯಾಗದು. ಚೆನ್ನಾಗಿ ನೋಡಿಕೊಂಡರೆ ಕೆಲವು ಕಾಲ ಸುಖವಾಗಿ ಬದುಕೀತು” ಎಂದರು ವೈದ್ಯರು.

ಮನೆಗೆ ಬಂದು ತಾತನಿಗೆ ಇದನ್ನು ವಿವರಿಸಲು ಹೊರಟೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೂ ಕೊನೆಗೆ ಅರ್ಥ ಬಿಡಿಸಿ ಹೇಳಿದವರು ಗಣಿಯ ಮಿಲ್ಲಿನಲ್ಲಿ ದುಡಿದಿದ್ದ ತಾತನೇ. “ನಮ್ಮ ಮಿಲ್ಲಿನಂಗೇ ಅಲ್ಲವೇನೋ? ಕಲ್ಲು ಅರೆದು ಬಂಗಾರ ಇಟ್ಕೊಂಡು ಬೇಡದ್ದನ್ನ ಆಚೆಗೆ ತಳ್ಳೋದು. ಮಿಲ್ಲು ಕೆಟ್ರೆ ಕಸ ಒಳಗೇ ಉಳ್ಕೊತದೆ” ಎಂದರು. ದಿನವೂ ಸೈನೈಡ್ ದಿಬ್ಬಗಳನ್ನು ನೋಡಿಕೊಂಡು ರೈಲು ಹತ್ತುವ ನನಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಅಂದಿನಿಂದ ರಾಗಿಮುದ್ದೆ, ಮೂಳೆ ಎರಡೂ ನಿಂತವು. ಕೋಲಾರದ ನಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಆದರೆ ಎರಡರಲ್ಲಿಯೂ ರಂಜಕ ಹೆಚ್ಚು. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಈಗ ಮೆತ್ತಗೆ ಬೆಂದ ಅನ್ನ, ಮೊಟ್ಟೆಯ ಬಿಳಿಭಾಗ, ಚೂರು ಕುಂಬಳಕಾಯಿ, ಉಪ್ಪಿಲ್ಲ. ರಂಜಕವಿರುವ ಹಳದಿಭಾಗ ತಮ್ಮನ ಪಾಲು. ನೀರನ್ನು ಮಾತ್ರ ಎಂದೂ ತಡೆಯಕೂಡದು. ಆದ್ದರಿಂದ ಒಂದು ಬಿಂದಿಗೆಯನ್ನು ಅಮ್ಮ ಟಾಮಿಯ ಹೆಸರಿಗೇ ಬಿಟ್ಟಿದ್ದಾರೆ.

ಜೊತೆಗೆ ದಿನ ಬಿಟ್ಟು ದಿನ 200 ಮಿಲಿ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣ. ಬಾಟಲಿಯನ್ನು ಕಿಟಕಿಯ ಕಂಬಿಗೆ ತೂಗುಹಾಕಿ, ಹೆಗಲ ಮೇಲಿನ ಸಡಿಲ ಚರ್ಮವನ್ನೆತ್ತಿ ಸೂಜಿ ಚುಚ್ಚುವುದನ್ನು ವೈದ್ಯರೇ ನನಗೆ ಕಲಿಸಿಕೊಟ್ಟರು. ಚರ್ಮದಡಿ ಕಿತ್ತಳೆಯಷ್ಟು ಉಬ್ಬೆದ್ದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಷ್ಟು ಹೊತ್ತೂ ತಾತ ಅದರ ತಲೆ ನೇವರಿಸುತ್ತ ತೆಲುಗಿನಲ್ಲಿ ಸಮಾಧಾನ ಹೇಳುತ್ತಿರುತ್ತಾರೆ. ಟಾಮಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ.

ಎದುರುಮನೆಯ ಅಕ್ಕ ಒಂದು ದಿನ ನೇರವಾಗಿಯೇ ಕೇಳಿದರು: “ಬೀದಿನಾಯಿಗೆ ಇಷ್ಟೊಂದು ಖರ್ಚು ಮಾಡ್ತೀರಲ್ಲ, ಹುಡುಗನ ಪರೀಕ್ಷೆ ಫೀಸಿಗೇನು ಮಾಡ್ತೀರಿ?” ಪ್ರಶ್ನೆ ಅನ್ಯಾಯದ್ದಲ್ಲ. ಅಪ್ಪ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕೂಲಿ ತರುವವರು. ಬಾಟಲಿಯ ದುಡ್ಡಿಗಾಗಿ ನಾನು ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ. ಅಕ್ಕನಿಗೆ ಉತ್ತರ ಕೊಟ್ಟವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ತಾತ. “ಗಣಿ ಮುಚ್ಚಿದ ಮೇಲೆ ನಾನೂ ಯಾತಕ್ಕೂ ಬಾರದೋನೇ ಆಗಿದ್ದೆ ಕಣಮ್ಮ. ಆದ್ರೂ ಈ ಮನೇಲಿ ನಂಗೆ ಹೊತ್ತೊತ್ತಿಗೆ ಊಟ ಇಕ್ಕಿದ್ರು” ಎಂದರು. ಅಕ್ಕ ಮರುಮಾತಾಡಲಿಲ್ಲ. ಮರುದಿನ ಎರಡು ಮೊಟ್ಟೆ ತಂದುಕೊಟ್ಟರು.

ಮೊನ್ನೆಯ ಪರೀಕ್ಷೆಯಲ್ಲಿ ಅಂಕಿ 3.8ಕ್ಕೆ ಇಳಿದಿದೆ. ಗೆದ್ದೆವೆನ್ನುವಂತಿಲ್ಲ, ಸ್ವಲ್ಪ ವಾಯಿದೆ ಸಿಕ್ಕಿತೆನ್ನಬಹುದು. ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈಸೇರುವ ಹೊತ್ತಿಗೆ ಟಾಮಿ ಇರುತ್ತದೆಯೋ ಇಲ್ಲವೋ, ಬಲ್ಲವರಾರು? ಮಿತ್ರರಲ್ಲಿ ನನ್ನದೊಂದೇ ವಿನಂತಿ: ನಿಮ್ಮ ಮನೆಯ ಮುದಿನಾಯಿ ಹೆಚ್ಚು ನೀರು ಕುಡಿಯತೊಡಗಿದರೆ ಬಿಸಿಲಿನ ದಾಹವೆಂದು ಸುಮ್ಮನಾಗಬೇಡಿ. ನೀರು ಕೊಡಿ, ಬೇಗ ವೈದ್ಯರಿಗೆ ತೋರಿಸಿ.