ಹಾಯಿದೋಣಿಯಲ್ಲಿ ಅಂತರಪಟ

ಮದುವೆಮನೆಯಲ್ಲಿ ಫೋಟೋಗ್ರಾಫರನಿಗೆ ಸಿಗುವ ಜಾಗ ವಿಚಿತ್ರವಾದದ್ದು. ನೆಂಟನಲ್ಲ, ಆದರೂ ಹುಡುಗಿಯ ಸೋದರಮಾವನಿಗಿಂತ ಮುಂದೆ ನಿಂತಿರುತ್ತಾನೆ. 'ಸ್ವಲ್ಪ ತಡೀರಿ ಸ್ವಾಮಿ, ಕೈ ಹಾಗೇ ಇರಲಿ' ಎಂದು ಪುರೋಹಿತರಿಗೇ ಹೇಳುವ ಧೈರ್ಯ ಆ ಮಂಟಪದಲ್ಲಿ ಅವನೊಬ್ಬನಿಗೆ. ಊಟಕ್ಕೆ ಮಾತ್ರ ಕಡೆಯ ಪಂಕ್ತಿ. ಅಷ್ಟು ಹೊತ್ತಿಗೆ ಹೋಳಿಗೆ ಮುಗಿದು, ಬಡಿಸುವವರು ಅವನ ಎಲೆಗೆ ಸಾರನ್ನು ಧಾರಾಳವಾಗಿ ಹಾಕಿ ಸಮಾಧಾನ ಮಾಡುತ್ತಾರೆ. ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡೇ ತಲೆ ನರೆಸಿಕೊಂಡ ನಾನು ಆ ಸಾರನ್ನು ಬೇಕಾದಷ್ಟು ಉಂಡಿದ್ದೇನೆ.

ಆಗೆಲ್ಲ ಮದುವೆಗಳು ಶುರುವಾಗುತ್ತಿದ್ದುದೇ ನಮ್ಮ ಸ್ಟುಡಿಯೋದಲ್ಲಿ. ಜಾತಕದ ಜೊತೆ ಕಳಿಸಲು ಹುಡುಗಿಯದೊಂದು ಫೋಟೋ ಬೇಕು. ಅಪ್ಪ ಮುಂದೆ, ಚಿಕ್ಕಮ್ಮ ಹಿಂದೆ, ನಡುವೆ ಅಕ್ಕನ ರೇಷ್ಮೆ ಸೀರೆ ಉಟ್ಟ ಹುಡುಗಿ. ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡಿನ ಪಕ್ಕ ಅವಳನ್ನು ನಿಲ್ಲಿಸಿ, ಗಲ್ಲ ಒಂದಿಷ್ಟು ಎತ್ತಿಸುತ್ತಿದ್ದೆ. ಹಿಂದೆ ಬಣ್ಣದ ಪರದೆ. ಅದರ ಮೇಲೊಂದು ನೀಲಿ ಕೆರೆ, ಕೆರೆಯಲ್ಲೊಂದು ಬಿಳಿ ಹಾಯಿದೋಣಿ. ನಮ್ಮ ತಾಲ್ಲೂಕಿನ ಯಾವ ಕೆರೆಯಲ್ಲೂ ಹಾಯಿದೋಣಿ ಇರಲಿಲ್ಲ, ಎಷ್ಟೋ ವರ್ಷ ನೀರೂ ಇರುತ್ತಿರಲಿಲ್ಲ. ಆದರೂ ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ಆ ದೋಣಿಯ ಮುಂದೆ ನಿಂತೇ ಗಂಡನ ಮನೆಗೆ ಹೋದರು. ರಾತ್ರಿ ನೆಗೆಟಿವನ್ನು ಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಚೂಪು ಪೆನ್ಸಿಲಿನಿಂದ ಮೊಡವೆಯ ಕಲೆಗಳನ್ನು ತೀಡುತ್ತಿದ್ದೆ. ನೆಗೆಟಿವಿನಲ್ಲಿ ಕಲೆ ತೆಳುವಾಗಿರುತ್ತದೆ; ಅಲ್ಲಿ ಪೆನ್ಸಿಲು ಆಡಿಸಿದರೆ ಪ್ರಿಂಟಿನಲ್ಲಿ ಚರ್ಮ ತಿಳಿಯಾಗುತ್ತದೆ. ಕೆಲವು ಫೋಟೋಗಳು ಹೋದಲ್ಲಿಂದ ವಾಪಸು ಬರುತ್ತಿದ್ದವು. ಆ ಹುಡುಗಿಯರು ವರ್ಷ ಬಿಟ್ಟು ಮತ್ತೆ ಬಂದು ಅದೇ ಹೂವಿನ ಪಕ್ಕ ನಿಂತಾಗ, ಗಲ್ಲ ಎತ್ತು ಎಂದು ನಾನು ಹೇಳಬೇಕಾಗಿಯೇ ಇರಲಿಲ್ಲ.

ಇಂಥ ಹಿನ್ನೆಲೆಯವನನ್ನು ಹುಬ್ಬಳ್ಳಿಯ ಹುಡುಗನೊಬ್ಬ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಡುನೀರಿಗೆ ಎಳೆದುಕೊಂಡು ಹೋದ. ನಾನೂ ನನ್ನವಳೂ ಸನ್ನಿವೇಲಿನಲ್ಲಿರುವ ಮಗಳ ಮನೆಗೆ ಹೋಗಿದ್ದ ಸಮಯ. ಹುಡುಗ ಮಗಳ ಆಫೀಸಿನವನು. ಅವನು ಮದುವೆಯಾಗಬೇಕೆಂದಿದ್ದ ಹುಡುಗಿ ಅಲ್ಲೇ ಹುಟ್ಟಿ ಬೆಳೆದವಳು, ಮೂಲ ಮಂಡ್ಯ. ಇಬ್ಬರೂ ವರ್ಷಗಳಿಂದ ಜೊತೆಗಿದ್ದಾರೆ, ಎರಡೂ ಮನೆಯವರು ಒಪ್ಪಿದ್ದಾರೆ, ಹುಬ್ಬಳ್ಳಿಯಲ್ಲಿ ಇಳಕಲ್ ಸೀರೆಯ ಆರ್ಡರೂ ಹೋಗಿದೆ. ಉಳಿದದ್ದು ಒಂದೇ: ಅವನು ಅವಳನ್ನು ಕೇಳಬೇಕು. ಅದೂ ಅವಳಿಗೆ ಸುಳಿವು ಸಿಗದ ಹಾಗೆ, ಹಾಯಿದೋಣಿಯಲ್ಲಿ, ಗೋಲ್ಡನ್ ಗೇಟ್ ಸೇತುವೆ ಹಿಂದೆ ಕಾಣುವಂತೆ, ಮೊಣಕಾಲೂರಿ. ಹಾಗೆ ಕೇಳಿದ್ದಕ್ಕೆ ಫೋಟೋ ಇರಬೇಕು.

"ಅಂಕಲ್, ಫೋಟೋಗ್ರಾಫರ್‌ನ ಕರಕೊಂಡ್ ಹೋದ್ರ ಆಕಿಗೆ ಗೊತ್ತಾಗೇ ಬಿಡತೈತ್ರಿ. ನೀವು ಬಂದ್ರ ಯಾರಿಗೂ ಡೌಟ್ ಬರಂಗಿಲ್ಲ. ಹಿರೇರು ಊರಿಂದ ಬಂದಾರ, ಬ್ರಿಡ್ಜ್ ನೋಡಾಕ ಹೊಂಟಾರ, ಅಷ್ಟ ಅಂತಾಳ" ಎಂದ.

ನನ್ನ ಕಸುಬಿನ ಮೇಲೆ ಅವನಿಗೆಷ್ಟು ನಂಬಿಕೆಯಿತ್ತೋ ಕಾಣೆ. ನನ್ನ ಮಂಕಿ ಕ್ಯಾಪಿನ ಮೇಲಂತೂ ಪೂರ್ತಿ ನಂಬಿಕೆಯಿತ್ತು.

ದಿನ ಭಾನುವಾರ. ಸಮಯ ಗೊತ್ತುಮಾಡಿದವರು ಅವನ ತಾಯಿ. ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು, ಹಾಗಾಗಿ ಆರರ ನಂತರವೇ ಆಗಬೇಕು ಎಂದರು. ಅಮೇರಿಕದ ಮಟ್ಟಿಗೆ ಸರಿಹೋಯಿತು. ಆಮೇಲೆ ಅವರಿಗೇ ಹೊಳೆಯಿತು: ಬೇಸಿಗೆಯಲ್ಲಿ ಎರಡೂ ಊರಿಗೆ ಹನ್ನೆರಡೂವರೆ ಗಂಟೆಯ ಅಂತರ, ಅಲ್ಲಿ ಭಾನುವಾರ ಸಂಜೆ ಏಳು ಎಂದರೆ ಹುಬ್ಬಳ್ಳಿಯಲ್ಲಿ ಸೋಮವಾರ ಬೆಳಗ್ಗೆ ಏಳೂವರೆ. ಸೋಮವಾರದ ರಾಹುಕಾಲ ಶುರುವಾಗುವುದೇ ಆಗ! ಹುಡುಗ ಇರುವುದು ಅಲ್ಲಿ, ಕುಲದೇವರಿರುವುದು ಇಲ್ಲಿ. ಯಾವ ದೇಶದ ರಾಹುವನ್ನೂ ಎದುರು ಹಾಕಿಕೊಳ್ಳುವಂತಿಲ್ಲ. ಕೊನೆಗೆ ಉಳಿದದ್ದು ಆರರಿಂದ ಏಳರವರೆಗಿನ ಒಂದೇ ಗಂಟೆ. ಎರಡು ಖಂಡಗಳ ರಾಹುಗಳ ನಡುವೆ ನುಸುಳಿ ನಡೆದ ಮದುವೆ ಪ್ರಸ್ತಾಪ ಇದೊಂದೇ ಇರಬೇಕು.

ಸಾಸಲಿಟೋ ಎಂಬ ಪುಟ್ಟ ಊರಿನ ಕಟ್ಟೆಯಿಂದ ದೋಣಿ ಹೊರಟಿತು. ಕ್ಯಾಪ್ಟನ್ ನಮ್ಮ ಓರಗೆಯ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಹಗ್ಗ ಎಳೆದೆಳೆದು ಗಟ್ಟಿಯಾದ ಕೈ. ಅವರಿಗೆ ಎಲ್ಲವನ್ನೂ ಮೊದಲೇ ಹೇಳಿಟ್ಟಿತ್ತು. ನನ್ನವಳು ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು, ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತವಳಂತೆ ಭದ್ರವಾಗಿ ಕೂತು, ಹತ್ತು ನಿಮಿಷದಲ್ಲಿ ಕ್ಯಾಪ್ಟನ್ನರ ಮಕ್ಕಳೆಷ್ಟು, ಯಾರಿಗೆ ಮದುವೆಯಾಗಿದೆ ಎಂಬುದನ್ನೆಲ್ಲ ತಿಳಿದುಕೊಂಡಳು. ಒಬ್ಬರ ಮಾತು ಒಬ್ಬರಿಗೆ ಅರೆಬರೆ. ಮಕ್ಕಳ ಸಂಕಟ ಹಂಚಿಕೊಳ್ಳಲು ಅಷ್ಟು ಸಾಕಾಯಿತು.

ಆ ಕೊಲ್ಲಿಯಲ್ಲಿ ಬೇಸಿಗೆಯ ಸಂಜೆ ಎಂದರೆ ನಮ್ಮ ಕಡೆಯ ಮಾಗಿಯ ಬೆಳಗು. ಒಳನಾಡಿನ ಬಯಲು ಮಧ್ಯಾಹ್ನ ಕಾದು, ಅಲ್ಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಪೆಸಿಫಿಕ್ಕಿನ ತಣ್ಣನೆಯ ಗಾಳಿ ಓಡಿಬರುತ್ತದೆ. ಬೆಟ್ಟಸಾಲಿನ ನಡುವೆ ಅದಕ್ಕೆ ಸಿಗುವ ಬಾಗಿಲು ಗೋಲ್ಡನ್ ಗೇಟ್. 1937ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ ಆ ಬಾಗಿಲ ಮೇಲೆ ನಿಂತಿದೆ. ಎರಡು ಗೋಪುರಗಳ ನಡುವೆಯೇ 1,280 ಮೀಟರ್. ಗಾಳಿ ಹಾಯಿಗೆ ತುಂಬಿದ್ದೇ ದೋಣಿ ಒಂದು ಮಗ್ಗುಲಿಗೆ ವಾಲಿತು. ನನ್ನ ಸ್ಟುಡಿಯೋದ ಪರದೆಯ ದೋಣಿ ಎಂದೂ ಹೀಗೆ ವಾಲಿರಲಿಲ್ಲ. ದಿಗಂತ ನೆಟ್ಟಗಿರಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ಇಲ್ಲಿ ದಿಗಂತವೇ ಏಳುತ್ತ ಬೀಳುತ್ತ ಇತ್ತು.

ಏಂಜೆಲ್ ಐಲ್ಯಾಂಡಿನ ಕಡೆಗೆ ಸಾಗುವಾಗ ಕ್ಯಾಪ್ಟನ್ ಆ ದ್ವೀಪದ ಕತೆ ಹೇಳಿದರು. 1910ರಿಂದ 1940ರವರೆಗೆ ಪೆಸಿಫಿಕ್ ದಾಟಿ ಬಂದ ವಲಸಿಗರನ್ನು ಇಳಿಸಿಕೊಂಡು ವಿಚಾರಿಸುತ್ತಿದ್ದ ಠಾಣೆ ಅಲ್ಲಿತ್ತು. ಮೊದಲ ದಶಕದಲ್ಲಿ ಜಪಾನಿನಿಂದ ಮದುವಣಗಿತ್ತಿಯರು ಹಡಗು ಹತ್ತಿ ಬರುತ್ತಿದ್ದರು. ಇಲ್ಲಿ ಹೊಲಗಳಲ್ಲಿ ದುಡಿಯುತ್ತಿದ್ದ ತಮ್ಮ ದೇಶದ ಗಂಡಸರೊಂದಿಗೆ, ಬರಿಯ ಫೋಟೋ ನೋಡಿ ಒಪ್ಪಿ, ಊರಿನಲ್ಲೇ ಮದುವೆ ದಾಖಲಿಸಿಕೊಂಡು ಬಂದವರು. ಕೈಯಲ್ಲಿ ಫೋಟೋ ಹಿಡಿದು, ಎದುರಿಗೆ ಬಂದು ನಿಂತ ಗಂಡಸರಲ್ಲಿ ಆ ಮುಖ ಹುಡುಕುತ್ತಿದ್ದರು. ಎಷ್ಟೋ ಗಂಡಸರು ಕಳಿಸಿದ್ದು ಹತ್ತು ವರ್ಷ ಹಿಂದಿನ ಫೋಟೋ. ಕೆಲವರು ಸ್ನೇಹಿತನ ಫೋಟೋ ಕಳಿಸಿದ್ದೂ ಉಂಟು. 1920ರಲ್ಲಿ ಜಪಾನ್ ಸರ್ಕಾರ ಇಂಥ ವಧುಗಳಿಗೆ ಪಾಸ್‌ಪೋರ್ಟ್ ಕೊಡುವುದನ್ನೇ ನಿಲ್ಲಿಸಿತು. ಕೇಳುತ್ತ ನನಗೆ ನನ್ನ ಪೆನ್ಸಿಲು ನೆನಪಾಯಿತು. ಆ ಹಳೆಯ ಫೋಟೋಗಳನ್ನು ತೀಡಿದವನೂ ನನ್ನ ಹಾಗೆ ಯಾರದೋ ಮಗಳಿಗೆ ಒಳ್ಳೆಯದಾಗಲಿ ಎಂದುಕೊಂಡೇ ತೀಡಿರಬೇಕು.

ದೋಣಿ ತಿರುಗಿ ಸೇತುವೆಗೆ ಮುಖ ಮಾಡಿತು. ಈಗ ಕಷ್ಟ ನನ್ನದು. ಸೇತುವೆ ಇರುವುದು ಪಡುವಣಕ್ಕೆ, ಸಂಜೆಯ ಸೂರ್ಯ ಇರುವುದೂ ಅಲ್ಲೇ. ಸೇತುವೆಯನ್ನು ಹಿಂದಿಟ್ಟುಕೊಂಡು ಫೋಟೋ ತೆಗೆದರೆ ಜೋಡಿಯ ಮುಖ ಕಪ್ಪಾಗುತ್ತದೆ. ಫ್ಲ್ಯಾಶ್ ಹಾಕಿದರೆ ಮಂಕಿ ಕ್ಯಾಪಿನ ಗುಟ್ಟು ಬಯಲು. ಏನು ಮಾಡುವುದೆಂದು ನೋಡುತ್ತಿರುವಾಗಲೇ ದೊಡ್ಡ ಹಾಯಿಯ ಮೇಲೆ ಬಿದ್ದ ಬಿಸಿಲು ಅಲ್ಲಿಂದ ಚಿಮ್ಮಿ ಹಾಯಿಕಂಬದ ಬುಡಕ್ಕೆ ಇಳಿಯುವುದು ಕಂಡಿತು. ಸ್ಟುಡಿಯೋದಲ್ಲಿ ಹುಡುಗಿಯ ಒಂದು ಕೆನ್ನೆ ಕತ್ತಲಾದರೆ ಹುಡುಗನೊಬ್ಬನ ಕೈಗೆ ಬಿಳಿ ಪಂಚೆ ಕೊಟ್ಟು ಎತ್ತಿ ಹಿಡಿಸುತ್ತಿದ್ದೆ. ಇಲ್ಲಿ ಆ ಪಂಚೆಯನ್ನು ಗಾಳಿಯೇ ಹಿಡಿದುಕೊಂಡಿತ್ತು. ಅವಳನ್ನು ಕಂಬದ ಬುಡದಲ್ಲಿ ನಿಲ್ಲಿಸುವಂತೆ ಹುಡುಗನಿಗೆ ಕಣ್ಸನ್ನೆ ಮಾಡಿದೆ. ಕ್ಯಾಪ್ಟನ್ ಮುಂದಿನ ಹಾಯಿಯನ್ನು ಗಾಳಿಗೆ ಅಡ್ಡ ಹಿಡಿಸಿ, ಚುಕ್ಕಾಣಿ ತಿರುಗಿಸಿ ಕಟ್ಟಿದರು. ಅಷ್ಟು ಹೊತ್ತು ಒದ್ದಾಡುತ್ತಿದ್ದ ದೋಣಿ ನಿಂತಲ್ಲೇ ಮೆಲ್ಲಗೆ ತೂಗತೊಡಗಿತು.

ಹುಡುಗ ಮೊಣಕಾಲೂರಿದ. ಉಂಗುರ ಕೊಲ್ಲಿಯ ಪಾಲಾಗದಿರಲೆಂದು ತಾಯಿ ಕೊಟ್ಟಿದ್ದ ಕೆಂಪು ದಾರದಿಂದ ಅದನ್ನು ಅಂಗಿಯ ಗುಂಡಿಗೆ ಕಟ್ಟಿಕೊಂಡಿದ್ದ. ಏನು ಹೇಳಿದನೋ ನನಗೆ ಕೇಳಲಿಲ್ಲ, ಮಾತನ್ನೆಲ್ಲ ಗಾಳಿ ಬರ್ಕ್ಲಿಯ ಕಡೆಗೆ ಹೊತ್ತುಕೊಂಡು ಹೋಯಿತು. ಅಳಿಯನ ಕ್ಯಾಮೆರಾ ಸದ್ದಿಲ್ಲದೆ ಸೆಕೆಂಡಿಗೆ 20 ಚಿತ್ರ ತೆಗೆಯುವಂಥದ್ದು. ಅದರಿಂದಾಗಿ ಆ ಗಳಿಗೆ ನನ್ನ ಹತ್ತಿರ ಎಳೆಎಳೆಯಾಗಿ ಇದೆ. ಅವನು ಬಗ್ಗಿದಾಗ ಅವಳ ಕೈ ಮೊದಲು ಹೋದದ್ದು ಅವನ ಲೈಫ್ ಜಾಕೆಟ್ಟಿನ ಪಟ್ಟಿಗೆ. ಬಿದ್ದಾನೆಂದು ಹಿಡಿದುಕೊಂಡಳು. ಉಂಗುರ ಆಮೇಲೆ ಕಂಡಿತು. ಕಂಡ ಮೇಲೆ, ಬಾಯಿ ತೆರೆಯುವ ಮೊದಲು, ಏಳೆಂಟು ಚಿತ್ರಗಳಷ್ಟು ಹೊತ್ತು ಅವಳ ಮುಖ ಯಾರ ಮಗಳದೂ ಅಲ್ಲ, ಯಾರ ಹೆಂಡತಿಯದೂ ಅಲ್ಲ. ಆಮೇಲೆ ನಗು, ಅಳು. ದಾರದ ಗಂಟು ಬಿಚ್ಚಲು ಅವನ ಕೈ ನಡುಗಿದಾಗ ಅವಳೇ ಬಗ್ಗಿ ಅದನ್ನು ಹಲ್ಲಿನಿಂದ ಕಡಿದಳು. ಗಡಿಯಾರ ಆರೂ ನಲವತ್ತು ತೋರಿಸುತ್ತಿತ್ತು. ಎರಡೂ ರಾಹುಗಳು ಸೋತಿದ್ದವು.

ಆ ಏಳೆಂಟು ಚಿತ್ರಗಳ ಮುಖವನ್ನು ನಾನು ಮೊದಲೂ ಕಂಡಿದ್ದೆ. ನಮ್ಮ ಮದುವೆಗಳಲ್ಲಿ ಅಂತರಪಟ ಹಿಡಿಯುತ್ತಾರಲ್ಲ, ಆಗ. ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ನಿಶ್ಚಿತಾರ್ಥ ಮುಗಿಸಿ, ಹಿಂದಿನ ರಾತ್ರಿ ಆರತಕ್ಷತೆಯಲ್ಲಿ ಮೂರು ತಾಸು ಪಕ್ಕಪಕ್ಕ ನಿಂತವರು. ಆದರೂ ಬೆಳಗ್ಗೆ ನಡುವೆ ಒಂದು ಪಂಚೆ ಅಡ್ಡ ಹಿಡಿದು, ಮಂಗಳಾಷ್ಟಕ ಹೇಳಿ, ಗಟ್ಟಿಮೇಳದ ನಡುವೆ ಅದನ್ನು ಸರಿಸಿದಾಗ, ಕೈಯಲ್ಲಿ ಜೀರಿಗೆ ಬೆಲ್ಲ ಹಿಡಿದು ನಿಂತ ಆ ಇಬ್ಬರ ಮುಖದಲ್ಲಿ ಈಗಷ್ಟೇ ಕಂಡೆವೆಂಬ ಬೆರಗು. ಅದು ನಟನೆಯಲ್ಲ. ಬರುತ್ತದೆಂದು ಗೊತ್ತಿದ್ದದ್ದು ನಿಜಕ್ಕೂ ಬಂದು ಎದುರು ನಿಂತಾಗ ಮನುಷ್ಯ ಬೆಚ್ಚುತ್ತಾನೆ. ಹಿರಿಯರಿಗೆ ಇದು ತಿಳಿದಿತ್ತು, ಅದಕ್ಕೇ ಪಂಚೆ ಹಿಡಿಸಿದರು. ಆ ಗಳಿಗೆಗಾಗಿ ನಾನು ಯಾಷಿಕಾ ಮ್ಯಾಟ್ ಎದೆಗೆ ಒತ್ತಿಕೊಂಡು ಕಾಯುತ್ತಿದ್ದೆ. ರೋಲಿಗೆ 12 ಚಿತ್ರ. ಫ್ಲ್ಯಾಶ್ ಒಮ್ಮೆ ಮಿಂಚಿದರೆ ಮತ್ತೆ ಕುಂಯ್‌ಗುಟ್ಟಿ ಚಾರ್ಜ್ ಆಗುವಷ್ಟರಲ್ಲಿ ಹುಡುಗಿ ತಲೆ ತಗ್ಗಿಸಿಯಾಗಿರುತ್ತಿತ್ತು. ಮಿಕ್ಕ ಫೋಟೋಗಳಿಗೆಲ್ಲ 'ಇಲ್ಲಿ ನೋಡಿ, ಇಲ್ಲಿ' ಎಂದು ಕೂಗಿ ಕೂಗಿ, ಒಬ್ಬರನ್ನೊಬ್ಬರು ನೋಡಬೇಕಾದವರನ್ನು ನನ್ನ ಕಡೆ ತಿರುಗಿಸಿಕೊಳ್ಳುವುದೇ ನನ್ನ ಜೀವನೋಪಾಯವಾಗಿತ್ತು. ದೋಣಿಯಲ್ಲಿ ಮಾತ್ರ ಯಾರೂ ನನ್ನ ಕಡೆ ತಿರುಗಲಿಲ್ಲ.

ಮರುದಿನ ಮಗಳ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತ ಕೂತಿದ್ದೆವು. ಉಂಗುರದ ಬೆರಳು ತೆರೆಯ ತುಂಬ ಬಂದಾಗ ನನ್ನವಳು ಕನ್ನಡಕ ಸರಿಮಾಡಿಕೊಂಡಳು.

"ಉಗುರು ನೋಡಿ. ಬಣ್ಣ ಹೊಸದು, ಅಂಚು ಕೂಡ ಮುಕ್ಕಾಗಿಲ್ಲ. ಆ ಹುಡುಗಿಗೆ ಮೊದಲೇ ಗೊತ್ತಿತ್ತು."

"ಅವಳೇ ಹೇಳಿದಳಾ?"

"ದಡಕ್ಕೆ ಇಳಿದ ಮೇಲೆ ಕಿವಿಯಲ್ಲಿ ಹೇಳಿದಳು. ಅವರತ್ತೆ ಫೋನ್ ಮಾಡಿ ಬಳೆ ಅಳತೆ ಕೇಳಿದರಂತೆ. ಅವನಿಗೆ ಹೇಳಬೇಡಿ ಆಂಟಿ ಅಂದಳು, ಪಾಪ."

ಹಾಗಾದರೆ ಆ ಪಂಚೆಯ ಒಂದು ತುದಿಯನ್ನು ಅವಳೂ ಹಿಡಿದಿದ್ದಳು. ನನಗೆ ನಮ್ಮದೇ ಆಲ್ಬಮ್ ನೆನಪಾಯಿತು. ನಮ್ಮ ಮದುವೆಯ ಫೋಟೋ ತೆಗೆದವರು ನನಗೆ ಕಸುಬು ಕಲಿಸಿದ ಮೇಷ್ಟ್ರು. ಅಂತರಪಟ ಸರಿದ ಆ ಒಂದು ಫೋಟೋದಲ್ಲಿ ಪುರೋಹಿತರ ಮೊಣಕೈ ಸರಿಯಾಗಿ ಇವಳ ಮುಖಕ್ಕೇ ಅಡ್ಡ ಬಂದಿದೆ. ಊರಿನವರ ಹೆಣ್ಣುಮಕ್ಕಳ ಆ ಗಳಿಗೆಯ ಮುಖಗಳೆಲ್ಲ ನನ್ನ ಟ್ರಂಕಿನಲ್ಲಿ ನೆಗೆಟಿವ್‌ಗಳಾಗಿ ಬಿದ್ದಿವೆ. ಇವಳದನ್ನು ನೆನೆಯಲು ಹೋದರೆ ಬರುವುದು ಆ ಮೊಣಕೈ ಮಾತ್ರ.

"ಪಂಚೆ ಸರಿಸಿದಾಗ ನಿನ್ನ ಮುಖ ಹೇಗಿತ್ತೇ?" ಎಂದು ಕೇಳಿದೆ.

"ನನಗೆ ಹೇಗೆ ಗೊತ್ತಿರತ್ತೆ? ಎದುರಿಗಿದ್ದವರು ನೀವು. ನೀವೂ ನೋಡಲಿಲ್ಲ. ಫ್ಲ್ಯಾಶ್ ಬಂತೋ ಇಲ್ಲವೋ ಅಂತ ಮೇಷ್ಟ್ರ ಕಡೆ ನೋಡ್ತಿದ್ರಿ."

"ಮತ್ತೆ ನೀನು?"

"ನಾನು ನೋಡಬೇಕಾದ ಕಡೆಗೇ ನೋಡ್ತಿದ್ದೆ" ಎಂದಳು. ಮೌಸ್ ತನ್ನ ಕಡೆ ಎಳೆದುಕೊಂಡು, ಆ ಬೆರಳನ್ನು ಇನ್ನಷ್ಟು ದೊಡ್ಡದು ಮಾಡಿ, "ಬಣ್ಣ ಮಾತ್ರ ಲಕ್ಷಣವಾಗಿದೆ ಕಣ್ರೀ. ಊರಿಗೆ ಹೋಗೋ ಮುಂಚೆ ಎಲ್ಲಿ ಹಾಕಿಸಿದ್ದು ಅಂತ ಕೇಳಿಡಬೇಕು" ಎಂದಳು.